ಶಾಲು ಹೊದಿಸಿದ್ವಿ, ಕೂಲಿ ಕೊಡಲಿಲ್ಲ

ಇವತ್ತು ಮಾತಿಗಿಂತ ಮುಂಚೆ ಒಂದು ಸದ್ದು ಕೇಳಿಸ್ತೀನಿ.

[ಹತ್ತರಿ ಹೊಡೆಯುವ ಸದ್ದು]

'ಸರ್ರ್... ಸರ್ರ್...' ಅಂತ ಬರ್ತಿದೆಯಲ್ಲ, ಅದು ಹತ್ತರಿ. ಮರದ ಮೈ ನುಣುಪಾಗಲಿ ಅಂತ ಆಚಾರ್ರು ಎರಡೂ ಕೈಯಲ್ಲಿ ಹಿಡಿದು ತಳ್ಳುವ ಸಾಧನ. ಇಲ್ಲೇ ನಮ್ಮ ಗಂಗಾನಗರದಲ್ಲಿ, ಒಂದು ಭಾನುವಾರ ಬೆಳಿಗ್ಗೆ ರೆಕಾರ್ಡ್ ಮಾಡಿದ್ದು. ನಾನು ಮತ್ತು ಇಬ್ಬರು ಫ್ರೆಂಡ್ಸ್ ಸೇರಿ ಒಂದು ಸಣ್ಣ ಮರಗೆಲಸ ಸಮ್ಮೇಳನ ಮಾಡಿದ್ವಿ. ಸಮ್ಮೇಳನ ಅನ್ನೋದು ದೊಡ್ಡ ಮಾತಾಯ್ತು, ಬಂದಿದ್ದು ಅರವತ್ತು ಜನ. ಆದರೆ ಮೂವರು ಕಸುಬುದಾರರು ಕೂತು ಕೆಲಸ ಮಾಡಿ ತೋರಿಸಿದರು, ಜನ ಕದಲದೆ ನೋಡಿದರು. ವಿಡಿಯೊಗಳು ಚೆನ್ನಾಗಿ ಓಡಿದವು. ಒಳ್ಳೆ ಕೆಲಸ ಮಾಡಿದ್ವಿ ಅಂತ ನಾವು ಮೂವರೂ ಖುಷಿಯಾಗಿದ್ವಿ. ಅಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಈ ಎಪಿಸೋಡು.

ಮೊದಲು ಅವತ್ತು ಏನೇನು ನೋಡಿದ್ವಿ ಅಂತ ಹೇಳ್ತೀನಿ.

ಮೊದಲನೆಯವರು ನಮ್ಮ ಏರಿಯಾದವರೇ. ನಾನು ಚಿಕ್ಕವನಿದ್ದಾಗ ನಮ್ಮ ಮನೆ ಬಾಗಿಲು ಮಾಡಿದ ಆಚಾರ್ರು. ಈಗ ಅರವತ್ತು ದಾಟಿದೆ. ಅವರು ತೋರಿಸಿದ್ದು ಬಾಗಿಲ ಚೌಕಟ್ಟಿನ ಒಂದು ಮೂಲೆ, ಅಷ್ಟೆ. ಒಂದು ತುಂಡಿನಲ್ಲಿ ಉಳಿಯಿಂದ ತೂತು ಕೊರೆದರು. ಇನ್ನೊಂದರ ತುದಿಯನ್ನು ನಾಲಿಗೆ ಥರ ಕೆತ್ತಿದರು. ಎರಡನ್ನೂ ಸೇರಿಸಿ ಕೊಡತಿಯಿಂದ ಎರಡು ಏಟು ಹಾಕಿದರು. ಮೊಳೆ ಇಲ್ಲ, ಸ್ಕ್ರೂ ಇಲ್ಲ. ನನ್ನ ಕೈಗೆ ಕೊಟ್ಟು "ಎಳಿಯಪ್ಪ" ಅಂದ್ರು. ಎಳೆದೆ, ಬರಲಿಲ್ಲ.

ಮುಂದೆ ಕೂತಿದ್ದ ಒಬ್ಬ ಹುಡುಗಿ ಕೇಳಿದಳು: "ಮೊಳೆ ಹೊಡೆದ್ರೆ ಐದು ನಿಮಿಷದ ಕೆಲಸ ಅಲ್ವಾ?" ಆಚಾರ್ರು ಒಂದು ಹಲಗೆ ಎತ್ತಿ ಹಿಡಿದರು. "ನೋಡಮ್ಮ, ಇದು ಸತ್ತಿಲ್ಲ. ಮಳೆಗಾಲದಲ್ಲಿ ಊದ್ಕೊಳ್ಳುತ್ತೆ, ಬೇಸಿಗೇಲಿ ಕುಗ್ಗುತ್ತೆ. ಉದ್ದಕ್ಕೆ ಏನೂ ಆಗಲ್ಲ, ಅಗಲಕ್ಕೆ ಆಗುತ್ತೆ. ಮೊಳೆ ಹೊಡೆದು ಅಲ್ಲಾಡದ ಹಾಗೆ ಕಟ್ಟಾಕಿದ್ರೆ ಅದು ಸೀಳುತ್ತೆ." ಅದಕ್ಕೇ ಹಳೇ ಬಾಗಿಲುಗಳಲ್ಲಿ ನಡುವಿನ ಹಲಗೆಗೆ ಅಂಟು ಹಾಕ್ತಿರಲಿಲ್ಲವಂತೆ. ಚೌಕಟ್ಟಿನಲ್ಲಿ ಒಂದು ಸೀಳು ಬಿಟ್ಟು, ಹಲಗೆಯನ್ನು ಅದರೊಳಗೆ ಸಡಿಲವಾಗಿ ಕೂರಿಸ್ತಾರೆ. ಊದಿದರೂ ಜಾಗ ಇದೆ, ಕುಗ್ಗಿದರೂ ಬಿರುಕು ಬಿಡಲ್ಲ. ಇಪ್ಪತ್ತು ವರ್ಷದಿಂದ ದಿನಾ ಆ ಬಾಗಿಲು ತೆಗೆದು ಹಾಕಿ ಮಾಡಿದೀನಿ, ನನಗೆ ಇದು ಗೊತ್ತಿರಲಿಲ್ಲ.

ಎರಡನೆಯವರು ಚನ್ನಪಟ್ಟಣದಿಂದ ಬಂದಿದ್ದರು, ಸಣ್ಣ ಮೋಟಾರ್ ಲೇತ್ ಒಂದನ್ನ ಮೂಟೆ ಕಟ್ಟಿಕೊಂಡು. ಚನ್ನಪಟ್ಟಣದ ಬೊಂಬೆ ನೋಡದೇ ಇರೋರು ನಮ್ಮಲ್ಲಿ ಯಾರಿದ್ದಾರೆ? ಆದರೆ ಬಣ್ಣ ಹತ್ತೋದನ್ನ ಕಣ್ಣಾರೆ ನೋಡಿದೋರು ಕಡಿಮೆ. ಮರ ಆಲೆ ಮರ. ಕೆಲವು ಕಡೆ ಹಾಲೆ ಅಂತಾರೆ. ಬಿಳಿ ಮೈ, ಮೆದು, ಒತ್ತಾದ ಎಳೆ. ಲೇತ್ ಮೇಲೆ ಗಿರಗಿರ ತಿರುಗೋ ಆ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡೀತಾರೆ. ಬೆಂಕಿ ಬೇಡ, ಬ್ರಷ್ ಬೇಡ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತೆ. ಆಮೇಲೆ ಒಂದು ಒಣಗಿದ ಗರಿ ಹಿಡಿದು ಉಜ್ಜಿದರು ನೋಡಿ, ಕನ್ನಡಿ ಥರ ಹೊಳೀತು. ಹಾಲ್‌ನಲ್ಲಿ ಎಲ್ಲರೂ 'ಓ' ಅಂದರು. ರೀಲ್ಸ್‌ನಲ್ಲಿ ನೀವು ನೋಡಿದ್ದು ಆ ಹತ್ತು ಸೆಕೆಂಡು.

ಈ ಕಸುಬಿಗೂ ಜಪಾನ್‌ಗೂ ಹಳೇ ನಂಟಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಚನ್ನಪಟ್ಟಣದ ಬಾವಾಸ್ ಮಿಯಾನ್ ಜಪಾನೀಯರ ಬೊಂಬೆ ತಯಾರಿಕೆಯ ವಿಧಾನಗಳನ್ನು ಕಲಿತು ತಂದು ಇಲ್ಲಿನವರಿಗೆ ಹೇಳಿಕೊಟ್ಟರು. ಇವತ್ತಿಗೂ ಅಲ್ಲಿ ಅವರನ್ನು ಬೊಂಬೆ ಕಸುಬಿನ ಪಿತಾಮಹ ಅಂತಾನೇ ನೆನೆಯೋದು.

ಮೂರನೆಯವರು ಮೈಸೂರಿನ ಕೆತ್ತು-ಕೂಡಿಸುವ ಕೆಲಸದವರು. ಬೀಟೆ ಮರದ ಹಲಗೆ ಮೇಲೆ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ಮಾಡ್ತಾರಲ್ಲ, ಅದು. ಹಳದಿ ಬೇಕಾದರೆ ಹಲಸಿನ ಮರ. ಬಣ್ಣ ಬಳಿಯೋದಲ್ಲ, ಆ ಬಣ್ಣದ ಮರವನ್ನೇ ಹುಡುಕಿ ತರೋದು. ಹಿಂದೆ ಬಿಳಿಗೆ ಆನೆದಂತ ಬಳಸ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986 ಮತ್ತು 1991ರಲ್ಲಿ ಆದ ತಿದ್ದುಪಡಿಗಳ ನಂತರ ದಂತದ ವ್ಯಾಪಾರ ನಿಂತಿತು, ಕಸುಬುದಾರರು ಪ್ಲಾಸ್ಟಿಕ್ ಮತ್ತು ಬಿಳಿ ಮರದ ಕಡೆ ಹೊರಳಿದರು. ಅವತ್ತು ಅವರು ಎರಡು ಗಂಟೆ ಕೂತು ಮುಗಿಸಿದ್ದು ಒಂದು ಹೂವಿನ ಮೂರು ಎಸಳು. ಎಸಳಿಗೂ ಬೀಟೆಗೂ ನಡುವೆ ಉಗುರು ಓಡಿಸಿದೆ. ಎಲ್ಲೂ ತಡೆಯಲಿಲ್ಲ.

ಇನ್ನು ನನ್ನ ತಪ್ಪಿಗೆ ಬರ್ತೀನಿ.

ಕಾರ್ಯಕ್ರಮ ಮುಗೀತು. ನಮ್ಮ ಕಡೆ ಪದ್ಧತಿ ಗೊತ್ತಲ್ಲ. ಮೂವರನ್ನೂ ವೇದಿಕೆಗೆ ಕರೆದ್ವಿ. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಫೋಟೊ ತೆಗೆಸಿದ್ವಿ, ಜೋರಾಗಿ ಚಪ್ಪಾಳೆ. ಆಮೇಲೆ ಆಚಾರ್ರನ್ನ ಮನೆಗೆ ಬಿಡೋಕೆ ನಾನೇ ಸ್ಕೂಟರ್ ತೆಗೆದೆ. ಹಿಂದೆ ಕೂತು, ತೊಡೆ ಮೇಲೆ ಹಣ್ಣಿನ ಬುಟ್ಟಿ ಇಟ್ಕೊಂಡು, ಸಿಬಿಐ ರೋಡ್ ಸಿಗ್ನಲ್‌ನಲ್ಲಿ ನಿಧಾನಕ್ಕೆ ಅಂದರು: "ಮನೇಲಿ ಕೇಳ್ತಾರಪ್ಪ, ಇವತ್ತು ಕೆಲಸಕ್ಕೆ ಹೋಗಿರಲಿಲ್ವಾ ಅಂತ."

ಅವರು ದೂರಿದ್ದಲ್ಲ, ತಮಾಷೆಗೇ ಹೇಳಿದ್ದು. ನಾನೂ ನಕ್ಕೆ. ರಾತ್ರಿ ಖರ್ಚಿನ ಲೆಕ್ಕ ಬರೆಯೋಕೆ ಕೂತಾಗ ನಗು ನಿಂತುಹೋಯ್ತು.

ನಾನು ಬಿ.ಕಾಂ. ಓದಿದೋನು, ಲೆಕ್ಕ ಬರೆಯೋ ಚಟ ಇದೆ. ಕೇಳಿ. ಮೈಕ್ ಸೆಟ್ 3,500. ವಿಡಿಯೊ ಮಾಡಿದವರಿಗೆ 6,000. ಇಡ್ಲಿ, ವಡೆ, ಕಾಫಿ 4,200. ಪೋಸ್ಟರ್ 900. ಹೊರಗಿಂದ ಬಂದ ಇಬ್ಬರ ಪ್ರಯಾಣಕ್ಕೆ 1,200. ಸನ್ಮಾನದ ಸಾಮಾನು ಒಬ್ಬರಿಗೆ 1,400ರಂತೆ ಮೂವರಿಗೆ 4,200. ಒಟ್ಟು 20,000 ರೂಪಾಯಿ, ನಾವು ಮೂವರು ಹಂಚಿಕೊಂಡ್ವಿ.

ಈಗ ನೋಡಿ. ಮೈಕಿನವರಿಗೆ ದುಡ್ಡು ಹೋಯ್ತು. ಕ್ಯಾಮೆರಾದವರಿಗೆ ಹೋಯ್ತು. ಇಡ್ಲಿಯವರಿಗೆ ಹೋಯ್ತು. ಹಾರ ಕಟ್ಟಿದವರಿಗೂ ಹೋಯ್ತು. ಅವತ್ತು ದುಡಿದು ದುಡ್ಡು ಸಿಗದೇ ಹೋದವರು ಮೂವರೇ, ಯಾರನ್ನ ನೋಡೋಕೆ ಜನ ಬಂದಿದ್ದರೋ ಆ ಮೂವರು. ಆಚಾರ್ರ ದಿನದ ಕೂಲಿ 1,300 ರೂಪಾಯಿ. ಅವರ ಸನ್ಮಾನಕ್ಕೆ ಅದಕ್ಕಿಂತ ನೂರು ರೂಪಾಯಿ ಜಾಸ್ತಿ ಖರ್ಚು ಮಾಡಿದೀನಿ! ದುಡ್ಡಿರಲಿಲ್ಲ ಅನ್ನೋ ಹಾಗಿಲ್ಲ. ಪೇಟಕ್ಕೆ ಇತ್ತು, ಕೂಲಿಗೆ ಅನ್ನೋ ಕಾಲಮ್ಮೇ ನನ್ನ ಹಾಳೆಯಲ್ಲಿ ಇರಲಿಲ್ಲ.

'ಆಪರ್ಚುನಿಟಿ ಕಾಸ್ಟ್' ಅಂತ ಕಾಲೇಜಿನಲ್ಲಿ ಓದ್ತೀವಿ. ಒಂದು ಕೆಲಸ ಆರಿಸಿಕೊಂಡಾಗ ಕೈಬಿಟ್ಟ ಇನ್ನೊಂದು ಕೆಲಸದ ಬೆಲೆ. ಐದು ಮಾರ್ಕ್ಸಿನ ಪ್ರಶ್ನೆ, ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ. ಹತ್ತರಿ ಹಿಡಿದ ಮನುಷ್ಯ ಎದುರಿಗೆ ಕೂತಾಗ ನೆನಪೇ ಆಗಲಿಲ್ಲ.

ಇದೇ ಊರಿನಲ್ಲಿ ಇನ್ನೊಂದು ಥರದ ಪ್ರಾತ್ಯಕ್ಷಿಕೆಯೂ ನಡೆಯುತ್ತೆ. ತುಮಕೂರು ರಸ್ತೆಯ ಬಿಐಇಸಿಯಲ್ಲಿ 'ಇಂಡಿಯಾವುಡ್' ಅನ್ನೋ ದೊಡ್ಡ ಮರಗೆಲಸ ಪ್ರದರ್ಶನ. 2024ರಲ್ಲಿ ಫೆಬ್ರವರಿ 22ರಿಂದ 26ರವರೆಗೆ ನಡೀತು. ಅಲ್ಲಿ ಹೆಚ್ಚಾಗಿ ಯಂತ್ರಗಳು: ಹಲಗೆ ಕತ್ತರಿಸೋದು, ಅಂಚು ಅಂಟಿಸೋದು, ಕಂಪ್ಯೂಟರ್ ಹೇಳಿದ ಹಾಗೆ ಕೆತ್ತೋದು. ಯಂತ್ರದ ಬಗ್ಗೆ ನನಗೆ ಕೋಪ ಇಲ್ಲ, ನಾನು ಈಗ ಕೂತಿರೋ ಟೇಬಲ್ಲೂ ಅಂಥದ್ದೇ. ಆದರೆ ಸ್ಟಾಲ್‌ನಲ್ಲಿ ನಿಂತು ಯಂತ್ರ ತೋರಿಸುವ ಉದ್ಯೋಗಿಗೆ ಅದು ಕೆಲಸದ ದಿನ, ಸಂಬಳದ ದಿನ. ಅವನಿಗೆ ಯಾರೂ 'ಬನ್ನಿ, ಪೇಟ ತೊಡಿಸ್ತೀವಿ' ಅನ್ನಲ್ಲ. ಕೈ ಕಸುಬಿನವರು ತೋರಿಸಿದರೆ ಮಾತ್ರ ಅದು ಸೇವೆ, ಕಲೆ, ಗೌರವ ಆಗಿಬಿಡುತ್ತೆ.

ಸರ್ಕಾರಕ್ಕೂ ಈ ಲೆಕ್ಕ ಅರ್ಥ ಆಗಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ, ಬಡಗಿ ಕೆಲಸವೂ ಅದರಲ್ಲಿದೆ. ತರಬೇತಿಗೆ ಹೋದರೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು. 500 ರೂಪಾಯಿ ಬೆಂಗಳೂರಿನ ಆಚಾರ್ರ ಕೂಲಿಗೆ ಅರ್ಧವೂ ಅಲ್ಲ, ಆ ವಿಷಯ ಬೇರೆ. ಕೆಲಸ ಬಿಟ್ಟು ಬಂದ ದಿನಕ್ಕೆ ಒಂದು ಬೆಲೆ ಇದೆ ಅನ್ನೋದನ್ನಾದರೂ ಬರವಣಿಗೆಯಲ್ಲಿ ಒಪ್ಪಿಕೊಂಡಿದೆ. ನಾನು ಅಷ್ಟೂ ಮಾಡಿರಲಿಲ್ಲ.

ಮಾರನೇ ವಾರ ಒಂದು ಕವರ್‌ನಲ್ಲಿ 1,300 ರೂಪಾಯಿ ಹಾಕಿಕೊಂಡು ಆಚಾರ್ರನ್ನ ಹುಡುಕಿ ಹೋದೆ. ಆರ್.ಟಿ. ನಗರದಲ್ಲಿ ಒಂದು ಮನೆ ಕೆಲಸದಲ್ಲಿದ್ದರು. 'ಬೇಡಪ್ಪ, ಇರಲಿ' ಅಂತಾರೆ, ನಾನು ಒತ್ತಾಯ ಮಾಡಬೇಕಾಗುತ್ತೆ ಅಂದುಕೊಂಡಿದ್ದೆ. ಅವರು ಹಾಗೇನೂ ಅನ್ನಲಿಲ್ಲ. ಕವರ್ ಬಿಚ್ಚಿದರು, ಎಣಿಸಿದರು, ಮುನ್ನೂರು ರೂಪಾಯಿ ತೆಗೆದು ವಾಪಸ್ ಕೊಟ್ಟರು.

"ಯಾಕೆ ಆಚಾರ್ರೇ?"

"ಹತ್ತು ಗಂಟೆಗೆ ಬಂದೆ, ಎರಡು ಗಂಟೆಗೆ ಬಿಟ್ರಿ. ಅದು ಅರ್ಧ ದಿನ. ಹಿಂದಿನ ದಿನ ಸಾಯಂಕಾಲ ಎರಡು ಗಂಟೆ ಸಾಣೆ ಹಿಡಿದಿದೀನಿ, ಅದು ಕಾಲು ದಿನ. ಮುಕ್ಕಾಲು ದಿನದ ಕೂಲಿ ಸಾಕು. ಇನ್ನೂ ಇಪ್ಪತ್ತೈದು ಕೊಡಬೇಕು, ಚಿಲ್ರೆ ಇಲ್ಲ."

ನನಗೆ ಆ ಸಾಣೆಯ ಎರಡು ಗಂಟೆ ಗೊತ್ತೇ ಇರಲಿಲ್ಲ. ಹಾಲ್‌ನಲ್ಲಿ ಹತ್ತರಿಯಿಂದ ರಿಬ್ಬನ್ ಥರ ಸುರುಳಿ ಬಂದಾಗ ನಾವೆಲ್ಲ 'ಕೈ ನೋಡು ಕೈ' ಅಂದಿದ್ವಿ. ಕೈಯಷ್ಟೇ ಅಲ್ಲ, ಹಿಂದಿನ ಸಂಜೆಯೂ ಅದರಲ್ಲಿತ್ತು. ಜಪಾನ್‌ನಲ್ಲಿ 'ಕೆಜುರೋಕಾಯ್' ಅಂತ ಹತ್ತರಿ ಹೊಡೆಯುವವರ ಕೂಟ ನಡೆಯುತ್ತೆ, 1997ರಿಂದ. ಅಲ್ಲಿ ಹತ್ತರಿಯನ್ನು ತಳ್ಳಲ್ಲ, ತಮ್ಮ ಕಡೆ ಎಳೀತಾರೆ. ಬಂದ ಸುರುಳಿಯ ದಪ್ಪ ಅಳೆದು ಪೈಪೋಟಿ ಮಾಡ್ತಾರೆ. ನುರಿತವರದ್ದು ಹತ್ತು ಮೈಕ್ರಾನ್‌ಗಿಂತ ತೆಳುವಾಗಿರುತ್ತೆ. ನಮ್ಮ ಕೂದಲು ಸುಮಾರು ಎಪ್ಪತ್ತು ಮೈಕ್ರಾನ್ ಅಂದ್ರೆ ಲೆಕ್ಕ ಹಾಕಿ. ಎಳೆಯೋದು ಕೆಲವು ಸೆಕೆಂಡು, ಅದಕ್ಕೆ ಮುಂಚಿನ ಸಾಣೆಗೆ ಗಂಟೆಗಟ್ಟಲೆ. ನೋಡುವವರಿಗೆ ಕಾಣೋದು ಆ ಕೊನೇ ಸೆಕೆಂಡು ಮಾತ್ರ.

ಉಳಿದ ಇಬ್ಬರಿಗೂ ಫೋನ್ ಮಾಡಿ, ದಿನದ ಕೂಲಿ ಎಷ್ಟು ಅಂತ ಅವರನ್ನೇ ಕೇಳಿ ಕಳಿಸಿದೆ. ಚನ್ನಪಟ್ಟಣದವರು ಹೇಳಿದ್ದು: "ಅವತ್ತು ಲೇತ್ ನಿಮ್ಮ ಹತ್ರ ಇತ್ತಲ್ಲ ಸಾರ್, ಒಂದು ಆರ್ಡರ್ ತಡ ಆಯ್ತು." ಅದನ್ನೂ ನಾನು ಯೋಚಿಸಿರಲಿಲ್ಲ.

ಇನ್ನೊಂದು ಸಂಗತಿ ಇನ್ನೂ ಬಗೆಹರಿದಿಲ್ಲ. ಮೊಳೆ ಬಗ್ಗೆ ಪ್ರಶ್ನೆ ಕೇಳಿದಳಲ್ಲ ಆ ಹುಡುಗಿ, ಕಾರ್ಯಕ್ರಮ ಆದಮೇಲೆ ಆಚಾರ್ರ ಹತ್ರ ಹೋಗಿ "ನನಗೂ ಕಲಿಸ್ತೀರಾ" ಅಂದಳು. ಅವರು ಖುಷಿಯಿಂದಲೇ "ಸೋಮವಾರ ಎಂಟಕ್ಕೆ ಸೈಟಿಗೆ ಬಾಮ್ಮ" ಅಂದರು. ಎರಡು ದಿನ ಹೋದಳಂತೆ. ಮೂರನೇ ದಿನ ಮನೆ ಮಾಲೀಕರು ಕೆಲಸ ಯಾಕೆ ನಿಧಾನ ಅಂತ ಕೇಳಿದರು. ಕಲಿಸೋಕೆ ಹೋದರೆ ಕೆಲಸ ನಿಧಾನವಾಗುತ್ತೆ, ನಿಧಾನವಾದರೆ ಕೂಲಿ ಹೋಗುತ್ತೆ. ಯಂತ್ರದ ಮರಗೆಲಸ ಕಲಿಯೋಕೆ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತರಬೇತಿ ಕೇಂದ್ರ ಇದೆ. ಆದರೆ ಆ ಮೂಲೆ ಕೂಡಿಸುವ ಕೈ ಬರಬೇಕಾದರೆ ಆಚಾರ್ರ ಪಕ್ಕ ನಿಂತು ನಾಲ್ಕು ಹಲಗೆ ಹಾಳು ಮಾಡಲೇಬೇಕು. ಆ ನಾಲ್ಕು ಹಲಗೆಯ ದುಡ್ಡು ಯಾರು ಕೊಡ್ತಾರೆ? ಕಸುಬು ಅಳಿದು ಹೋಗ್ತಿದೆ ಅಂತ ಬೇಜಾರಾಗ್ತೀವಲ್ಲ, ಅದು ಹೋಗೋದು ಇಲ್ಲಿ. ಕಲಿಯೋರು ಇದ್ದಾರೆ, ಕಲಿಸೋರೂ ಇದ್ದಾರೆ. ಆ ದಿನದ ಕೂಲಿ ಕೊಡೋರು ಇಲ್ಲ.

ನಾವು ಈ ಕೂಟ ಮತ್ತೆ ಮಾಡ್ತೀವಿ. ಸಣ್ಣದಾಗೇ. ಈ ಸಲ ಹಾಳೆಯ ಮೊದಲ ಸಾಲಿನಲ್ಲೇ ಕೂಲಿ: ಬರುವ ದಿನದ್ದು, ಸಾಣೆ ಹಿಡಿಯುವ ಸಂಜೆಯದ್ದು, ನಿಂತ ಲೇತಿನದ್ದು. ಅದು ಹೊಂದಿದ ಮೇಲೆ ಮೈಕು. ಮೈಕ್ ಮೇಲೂ ಉಳಿದರೆ ಇಡ್ಲಿ. ಪ್ರವೇಶಕ್ಕೆ ನೂರು ರೂಪಾಯಿ ಇಡ್ತೀವಿ, ಅದು ಯಾರಿಗೆ ಹೋಗುತ್ತೆ ಅಂತ ಬಾಗಿಲಲ್ಲೇ ಬರೆದು ಹಾಕ್ತೀವಿ. ಕಲಿಯಬೇಕು ಅನ್ನೋರಿಗೆ ಆಚಾರ್ರ ಎರಡು ದಿನ ಕೊಂಡುಕೊಳ್ಳೋ ಯೋಚನೆಯೂ ಇದೆ. ಸೈಟಿನಲ್ಲಿ ಬೇಡ, ಬೇರೆ ಜಾಗದಲ್ಲಿ, ಹಾಳು ಮಾಡೋ ಹಲಗೆ ಸಮೇತ.

ಕಾಲೇಜ್ ಫೆಸ್ಟ್, ಅಪಾರ್ಟ್‌ಮೆಂಟ್ ಸಂಘ, ರಾಜ್ಯೋತ್ಸವ ಅಂತ ನೀವೂ ಯಾವತ್ತಾದರೂ ಕುಂಬಾರರನ್ನೋ ನೇಕಾರರನ್ನೋ ಕರೆಸ್ತೀರಿ. ಆಗ ಮೊದಲ ಫೋನ್‌ನಲ್ಲೇ 'ದಿನಕ್ಕೆ ಎಷ್ಟು ತಗೋತೀರಿ' ಅಂತ ಕೇಳಿ. ಅವಮಾನ ಆಗುತ್ತೇನೋ ಅಂತ ನಾನು ಕೇಳಿರಲಿಲ್ಲ. ಕೇಳದೇ ಇದ್ದಿದ್ದೇ ಅವಮಾನ ಆಗಿತ್ತು.

ಅಂದಹಾಗೆ ನಾವು ಹೊದಿಸಿದ ಶಾಲು ಹಾಳಾಗಿಲ್ಲ. ಆರ್.ಟಿ. ನಗರದ ಆ ಮನೆಯಲ್ಲಿ ನೋಡಿದೆ, ಆಚಾರ್ರು ಹತ್ತರಿ, ಉಳಿಗಳನ್ನು ಅದರಲ್ಲೇ ಸುತ್ತಿಟ್ಟಿದ್ದರು. ತುಕ್ಕು ಹಿಡಿಯಲ್ವಂತೆ.

ಇಪ್ಪತ್ತೈದು ರೂಪಾಯಿ ನಾನು ಇನ್ನೂ ಇಸ್ಕೊಂಡಿಲ್ಲ.