ಅಜ್ಜಿಯ ಬೆರಳು, ತೊಡೆಸಂದಿಯ ಗಂಟು



ಗದ್ದೆಯಿಂದ ಬಂದವನು ಮೈ ಬೆಚ್ಚಗಿದೆ ಎಂದು ಮಲಗಿದರೆ ನಮ್ಮಜ್ಜಿ ಹಣೆಗಿಂತ ಮೊದಲು ತೊಡೆಸಂದಿ ಒತ್ತಿ ನೋಡುತ್ತಿದ್ದರು. ಗಂಟು ಬೆರಳಿಗೆ ಸಿಕ್ಕಿತೋ, ‘ಎಲ್ಲಿ ಮುಳ್ಳು ತುಳ್ಕಂಡ್ ಬಂದ್ಯೋ, ಕಾಲು ತೋರ್ಸು’ ಎನ್ನುತ್ತಿದ್ದರು. ಹಿಮ್ಮಡಿಯಲ್ಲಿ ಮುಳ್ಳು ಇದ್ದೇ ಇರುತ್ತಿತ್ತು. ಯಾವ ಗದ್ದೆಯ ನೀರು ಯಾವ ಕಾಲುವೆಗೆ ಬೀಳುತ್ತದೆಂದು ಬಲ್ಲವರಿಗೆ ಕಾಲಿನ ದುಗ್ಧರಸ ಎಲ್ಲಿಗೆ ಹರಿಯುತ್ತದೆ ಎಂಬುದೂ ತಿಳಿದಿತ್ತು. ನಾವು ಅದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆ ಮುಗಿದ ಮೇಲೆ ಮರೆತೆವು.

ಅಜ್ಜಿ ಒತ್ತಿ ನೋಡುತ್ತಿದ್ದ ಗಂಟು ಊದಿದ ದುಗ್ಧಗ್ರಂಥಿ. ನಮ್ಮ ಮೈಯಲ್ಲಿ ಇಂಥ ಗ್ರಂಥಿಗಳು ಸುಮಾರು 600 ಇವೆ. ಪಠ್ಯಗಳು ಇವನ್ನು ‘ಸೋಸುವ ಜಾಲರಿ’ ಎಂದು ಕರೆದು ಮುಂದೆ ಹೋಗುತ್ತವೆ. ನನಗೆ ಆ ಮಾತು ಸಾಲದು. ಸೋಸುವ ಕೆಲಸ ಅಂಚಿನ ಪೊರೆಯ ಕೆಳಗೆ ಕೂತ ಭಕ್ಷಕ ಕೋಶಗಳದ್ದು. ದೊಡ್ಡ ಕೆಲಸ ಒಳಗಿದೆ.

ಮುಳ್ಳು ಚುಚ್ಚಿದ ಜಾಗದಿಂದ ಡೆಂಡ್ರೈಟಿಕ್ ಕೋಶಗಳು ರೋಗಾಣುವಿನ ಚೂರು ಹೊತ್ತು ದುಗ್ಧರಸದಲ್ಲಿ ಬರುತ್ತವೆ. ಟಿ ಕೋಶಗಳು ರಕ್ತದಿಂದ, ಎತ್ತರದ ಗೋಡೆಯ ಸಣ್ಣ ಸಿರೆಗಳನ್ನು ದಾಟಿ ಒಳಗಿಳಿಯುತ್ತವೆ. ಎರಡು ಹರಿವು, ಒಂದೇ ಅಂಗಳ. ಹೊಳೆಹೊನ್ನೂರಲ್ಲಿ ನಿಂತು ಇದನ್ನು ಹೇಳುವಾಗ ಕೂಡಲಿ ನೆನಪಾಗದಿದ್ದೀತೆ? ಆದರೆ ತುಂಗೆ ಭದ್ರೆ ಕೂಡಿದ ಮೇಲೆ ಬೇರೆಯಾಗುವುದಿಲ್ಲ. ತನ್ನ ಗುರುತಿನ ಚೂರು ಸಿಗದ ಟಿ ಕೋಶ ಮಾತ್ರ ಅರ್ಧ ದಿನ ತಡಕಾಡಿ, ಹೊರನಾಳ ಹಿಡಿದು, ರಕ್ತಕ್ಕೆ ಮರಳಿ ಮುಂದಿನ ಗ್ರಂಥಿಗೆ ಹೋಗುತ್ತದೆ. ಒಂದು ರೋಗಾಣುವಿನ ಚೂರನ್ನು ಗುರುತಿಸುವ ಕೋಶ ಲಕ್ಷಕ್ಕೊಂದು, ಕೆಲವೊಮ್ಮೆ ಹತ್ತು ಲಕ್ಷಕ್ಕೊಂದು. ಅದು ಮೈಯೆಲ್ಲ ಹುಡುಕುತ್ತ ಅಲೆದರೆ ಆಗುವ ಮಾತಲ್ಲ. ಅದಕ್ಕೇ ಈ ಅಂಗಳ.

ಗುರುತು ಸಿಕ್ಕಿದ ಕೂಡಲೇ ಹೊರಹೋಗುವ ಬಾಗಿಲು ಕೆಲಕಾಲ ಮುಚ್ಚುತ್ತದೆ, ಒಳಬರುವವರ ಸಾಲು ಬೆಳೆಯುತ್ತದೆ, ಒಳಗಿದ್ದವು ದಿನಕ್ಕೆ ಎರಡು ಮೂರು ಬಾರಿ ಇಬ್ಭಾಗವಾಗುತ್ತವೆ. ಪಕ್ಕದ ಕೋಶಿಕೆಗಳಲ್ಲಿ (ಫಾಲಿಕಲ್) ಬಿ ಕೋಶಗಳು ಪ್ರತಿಕಾಯವನ್ನು ತಿದ್ದಿ ತಿದ್ದಿ ಹದಗೊಳಿಸುತ್ತವೆ. ಅಜ್ಜಿಯ ಬೆರಳಿಗೆ ಸಿಕ್ಕಿದ್ದು ಈ ಸಂತೆಯ ಗದ್ದಲ.

ನಮ್ಮ ಜಿಲ್ಲೆಯ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ ಪತ್ತೆಯಾದದ್ದು ಮಂಗನ ಕಾಯಿಲೆಯ ವೈರಸ್. ಉಣುಗು ಕಚ್ಚಿ ಕೆಲವೇ ದಿನಕ್ಕೆ ಏಕಾಏಕಿ ಜ್ವರ, ತಲೆ ಸಿಡಿತ, ಮೈ ಮುರಿಯುವ ನೋವು. ಜೊತೆಗೆ ಕುತ್ತಿಗೆ, ಕಂಕುಳಲ್ಲಿ ಗಂಟು. ರಕ್ತ ಪರೀಕ್ಷೆಯಲ್ಲಿ ಬಿಳಿಕಣ ಕಡಿಮೆ. ರಕ್ತದ ವರದಿ ಮಾತ್ರ ನೋಡಿ ಕಂಕುಳು ಮುಟ್ಟದಿದ್ದರೆ ಅರ್ಧ ಚಿತ್ರವೇ ಕೈಬಿಟ್ಟಂತೆ. ಈ ಕಾಯಿಲೆಗೆ ಕೊಡುತ್ತಿದ್ದ, ಫಾರ್ಮಲಿನ್‌ನಿಂದ ವೈರಸ್ ಕೊಂದು ಮಾಡಿದ ಲಸಿಕೆಯನ್ನು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಮತ್ತೆ ಮತ್ತೆ ಹಾಕಬೇಕಿತ್ತು. 2005ರಿಂದ 2010ರ ಅಂಕಿಅಂಶದಂತೆ ಎರಡೇ ಡೋಸಿಗೆ ಅದರ ರಕ್ಷಣೆ 62.4%, ಬೂಸ್ಟರ್ ಸೇರಿದರೆ 82.9%. ‘ಇಷ್ಟು ಸಲ ಚುಚ್ಚಿಸ್ಕಬೇಕಾ?’ ಎಂದು ಕೇಳುತ್ತಿದ್ದ ಅಡಿಕೆ ತೋಟದ ಆಳಿಗೆ ಉತ್ತರ ಕೊಡಲು ಕಂಕುಳ ಗ್ರಂಥಿಯಿಂದಲೇ ಮಾತು ಶುರುಮಾಡಬೇಕಿತ್ತು. ಸತ್ತ ವೈರಸ್ಸಿನ ನೆನಪು ಅಲ್ಲಿ ಒಂದೇ ಪಾಠಕ್ಕೆ ನಿಲ್ಲುವುದಿಲ್ಲ.

ಇನ್ನೊಂದು ತಕರಾರು ಇದೆ, ರೋಗಶಾಸ್ತ್ರದವರು ಬೇಸರಿಸಬಾರದು. ಗಂಟಿಗೆ ಸೂಜಿ ಹಾಕಿ ಎಳೆದಾಗ ಜೀವಕೋಶ ಸಿಗುತ್ತದೆ, ಅದು ಕೂತಿದ್ದ ಜಾಗ ಸಿಗುವುದಿಲ್ಲ. ಕ್ಷಯದ ಗಂಟಿಗೆ ಬಹಳ ಸಲ ಅಷ್ಟು ಸಾಕಾಗುತ್ತದೆ. ಲಿಂಫೋಮಾ ಎಂಬ ಅನುಮಾನ ಬಂದರೆ ಇಡೀ ಗ್ರಂಥಿಯನ್ನೇ ತೆಗೆದು ನೋಡುವುದು ಮೇಲು, ಏಕೆಂದರೆ ಅಲ್ಲಿ ಕೆಟ್ಟಿರುವುದು ಕೋಶವಷ್ಟೇ ಅಲ್ಲ, ಮನೆಯ ಕಟ್ಟೋಣ.

ಮಧ್ಯಾಹ್ನ ಸೂಕ್ಷ್ಮದರ್ಶಕದ ಮುಂದೆ ಕೂರುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ನೇರ 40ರ ಮಸೂರಕ್ಕೆ ಹಾರಬೇಡಿ. 4ರಲ್ಲಿ ಇಟ್ಟು, ಹೊರಪೊರೆಯಿಂದ ಹೊರಟು, ದುಗ್ಧರಸ ಹರಿದ ದಾರಿಯಲ್ಲೇ ನಿಧಾನವಾಗಿ ಸ್ಲೈಡ್ ಸರಿಸಿ.