‘ಪೂರಕ’ವೆಂಬ ಹೆಸರಿನ ನಿದ್ರೆಯ ಗುಳಿಗೆ



ಅಮೆರಿಕದಿಂದ ರಜೆಗೆ ಬರುವ ಮಕ್ಕಳ ಪೆಟ್ಟಿಗೆಯಲ್ಲಿ ಈಚೆಗೆ ಬಾದಾಮಿ, ಚಾಕೊಲೇಟುಗಳ ಜೊತೆಗೆ ಮೆಲಟೋನಿನ್ ಬಾಟಲಿಯೂ ಇರುವುದುಂಟು. ನಿದ್ರೆ ಬಾರದೆಂದು ಕೊರಗುವ ಪುಣೆಯ, ಮುಂಬಯಿಯ ತಂದೆತಾಯಿಗಳಿಗೆ ಅದು ಪ್ರೀತಿಯ ಕಾಣಿಕೆ. ಅಲ್ಲಿ 1994ರ ಕಾನೂನಿನ ಪ್ರಕಾರ ಅದು ಆಹಾರಪೂರಕ. ಇಂಗ್ಲೆಂಡಿನಲ್ಲಾದರೋ ವೈದ್ಯರ ಚೀಟಿಯಿಲ್ಲದೆ ದೊರೆಯದು. ಹೆಸರು ಬೇರೆಯಾದ ಮಾತ್ರಕ್ಕೆ ದೇಹದೊಳಗಿನ ಅದರ ಕೆಲಸ ಬೇರೆಯಾಗದು.

ಮೆಲಟೋನಿನ್ ಒಂದು ಹಾರ್ಮೋನು. ಕತ್ತಲಾದ ಬಳಿಕ ಮೆದುಳಿನ ಪೀನಿಯಲ್ ಗ್ರಂಥಿ ಅದನ್ನು ಸ್ರವಿಸುತ್ತದೆ. ಗುಳಿಗೆಯಾಗಿ ನುಂಗಿದ್ದನ್ನು ಯಕೃತ್ತು ಒಡೆದು ಹೊರಹಾಕುತ್ತದೆ. ಗೀಳುರೋಗಕ್ಕೆ ಕೊಡುವ ಫ್ಲೂವಾಕ್ಸಮಿನ್ ಈ ಒಡೆಯುವ ಕೆಲಸವನ್ನೇ ತಡೆಯುವುದರಿಂದ ರಕ್ತದಲ್ಲಿ ಮೆಲಟೋನಿನ್ ಹಲವು ಪಟ್ಟು ಏರುತ್ತದೆ. ಮೂತ್ರದ ಸೋಂಕಿಗೆ ನುಂಗುವ ಸಿಪ್ರೋಫ್ಲಾಕ್ಸಸಿನ್‌ನಿಂದಲೂ ಅದು ಏರಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಲ್ಲಿ ರಕ್ತಸ್ರಾವದ ಭಯವಿದೆ. ನಿಫೆಡಿಪಿನ್ ಸೇವಿಸುವವರಲ್ಲಿ ಹತೋಟಿಯಲ್ಲಿದ್ದ ರಕ್ತದೊತ್ತಡ ಮತ್ತೆ ಏರಿದ್ದು ಕಂಡುಬಂದಿದೆ. ನೆಗಡಿ, ತುರಿಕೆಗೆ ಮನೆಯಲ್ಲಿ ಸದಾ ಇರುವ ಸೆಟಿರಿಜಿನ್ ಜೊತೆ ಸೇರಿದರೆ ಮಂಪರು ಇಮ್ಮಡಿಸುತ್ತದೆ. ರಾತ್ರಿ ಬಚ್ಚಲಿಗೆ ಎದ್ದ ವೃದ್ಧರು ಜಾರಿ ಬೀಳಲು ಅಷ್ಟು ಸಾಕು.

ಚೀಟಿಯ ಮೇಲೆ ಬರೆದ ಪ್ರಮಾಣವನ್ನಾದರೂ ನಂಬಬಹುದೇ? 2017ರಲ್ಲಿ ಪ್ರಕಟವಾದ ಕೆನಡಾದ ಪರೀಕ್ಷೆಯೊಂದರಲ್ಲಿ 31 ಪೂರಕಗಳ ಪೈಕಿ ಕೆಲವುಗಳಲ್ಲಿ ಹೇಳಿದ್ದಕ್ಕಿಂತ ಶೇ. 83ರಷ್ಟು ಕಡಿಮೆ, ಕೆಲವುಗಳಲ್ಲಿ ಶೇ. 478ರಷ್ಟು ಹೆಚ್ಚು ಮೆಲಟೋನಿನ್ ಇತ್ತು. ಎಂಟರಲ್ಲಿ ಸೆರಟೋನಿನ್ ಸಹ ಬೆರೆತಿತ್ತು.

ಶ್ರಾವಕರ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟದ ವ್ರತಿಗಳು ಮಲಗುವ ಮುನ್ನ ನುಂಗಬೇಕಾದ ಗುಳಿಗೆಯನ್ನು ಸಂಜೆಯೇ ನುಂಗಿಬಿಡುತ್ತಾರೆ. ಪರಿಣಾಮವಾಗಿ ಬಸದಿಯ ಆರತಿಯ ಹೊತ್ತಿಗೇ ತೂಕಡಿಕೆ, ನಡುರಾತ್ರಿಯಲ್ಲಿ ಎಚ್ಚರ! ವ್ರತವನ್ನು ವೈದ್ಯರಿಗೆ ತಿಳಿಸುವುದರಲ್ಲಿ ಸಂಕೋಚವೇಕೆ? ಕ್ಯಾಪ್ಸೂಲಾದರೆ ಅದರ ಹೊದಿಕೆ ಪ್ರಾಣಿಜನ್ಯ ಜೆಲಟಿನ್ ಆಗಿರುವ ಸಂಭವವೂ ಉಂಟು.

ಅಶ್ವಗಂಧ ಸ್ವದೇಶಿಯಾದ್ದರಿಂದ ನಿರಪಾಯವೆಂಬ ಭಾವನೆಯೂ ಸಲ್ಲದು. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಯಕೃತ್ತಿಗೆ ಧಕ್ಕೆಯಾದ ಪ್ರಕರಣಗಳೂ ವರದಿಯಾಗಿವೆ. ಥೈರಾಯ್ಡ್ ಗುಳಿಗೆ ಸೇವಿಸುವ ತಾಯಂದಿರು ಇದನ್ನು ಗಮನಿಸಬೇಕು.

ಎಲ್ಲಕ್ಕಿಂತ ಅಪಾಯಕರವಾದುದು ಮತ್ತೊಂದಿದೆ. ವರ್ಷಗಟ್ಟಲೆ ಆಲ್ಪ್ರಜೋಲಾಮ್ ಸೇವಿಸುತ್ತಿದ್ದವರು ‘ಇದು ನಿರುಪದ್ರವಿ’ ಎಂದು ಮೆಲಟೋನಿನ್ ಹಿಡಿದು, ಹಳೆಯ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಅದನ್ನು ಬಿಡುವುದಿದ್ದರೆ ವೈದ್ಯರ ಕಣ್ಗಾವಲಿನಲ್ಲಿ, ವಾರಗಳ ಕಾಲ, ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಬಿಡಬೇಕು. ಮಕ್ಕಳು ತಂದ ಬಾಟಲಿಯೂ ಅದೇ ದಿನ ವೈದ್ಯರ ಮೇಜಿನ ಮೇಲಿರಲಿ.