ತಾಯಿಯ ಅಳುವಿಗೆ ಯಾರ ದನಿ?



ಈ ಉಪನ್ಯಾಸ ಮಾಲೆಯಲ್ಲಿ ನನಗೆ ಒಪ್ಪಿಸಿರುವ ವಿಷಯ ‘ಸಾಂಸಾರಿಕ ಚಿತ್ರಕ್ಕೆ ಸಂಗೀತ ಸಂಯೋಜನೆ’. ಕನ್ನಡ ಚಿತ್ರಗಳ ಸಂಗೀತ ನಿರ್ದೇಶಕರಾದ ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್–ನಾಗೇಂದ್ರ, ಎಂ. ರಂಗರಾವ್ ಇವರಲ್ಲಿ ಒಬ್ಬೊಬ್ಬರ ಮೇಲೂ ಒಂದೊಂದು ಸಂಜೆ ಮಾತಾಡಬಹುದು, ಮಾತಾಡಬೇಕು ಕೂಡ. ಆದರೆ ನಾನು ಇವತ್ತು ಒಂದೇ ಚಿತ್ರ, ಅದರಲ್ಲೂ ಒಂದೇ ದೃಶ್ಯ ಹಿಡಿದು ಕೂರುತ್ತೇನೆ. ಆ ದೃಶ್ಯದ ಬಗ್ಗೆ ನನಗೂ ನನ್ನ ಗುರುಗಳಿಗೂ ವರ್ಷಗಟ್ಟಲೆ ವಾದ ನಡೆದಿತ್ತು. ಅವರು ತೀರಿಕೊಂಡ ಮೇಲೂ ನಾನು ಅವರಿಗೆ ಉತ್ತರ ಹುಡುಕುತ್ತಲೇ ಇದ್ದೇನೆ. ಸಂಗೀತ ನಿರ್ದೇಶಕನ ಕೆಲಸದಲ್ಲಿ ಕಷ್ಟದ್ದು ಯಾವುದು ಅನ್ನುವ ಪ್ರಶ್ನೆ ಆ ಒಂದು ದೃಶ್ಯದಲ್ಲಿ ಪೂರ್ತಿಯಾಗಿ ಇದೆ ಅಂತ ನಾನು ನಂಬಿದ್ದೇನೆ.

ಚಿತ್ರ ‘ಪಥೇರ್ ಪಾಂಚಾಲಿ’. ಸತ್ಯಜಿತ್ ರಾಯ್ ಅವರದು, 1955ರದು. ಇಲ್ಲಿ ಕೂತಿರುವ ಬಹುಪಾಲು ಜನ ನೋಡಿದ್ದೀರಿ. ಸಂಸಾರದ ಚಿತ್ರ ಅನ್ನುವ ಮಾತು ಇದಕ್ಕೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪುವುದಿಲ್ಲ. ಗಂಡ, ಹೆಂಡತಿ, ಮಗಳು, ಮಗ, ಜಗಲಿಯ ಮೂಲೆಯಲ್ಲೊಬ್ಬಳು ಹಣ್ಣು ಮುದುಕಿ, ಬೀಳಲಿಕ್ಕೆ ಬಂದ ಮನೆ. ಹಾಡು ಕುಣಿತದ ಕಥೆಯಲ್ಲ. ಅಕ್ಕಿ ಸಾಲದೆ ಬಂದ ದಿನಗಳ ಕಥೆ.

ನಾನು ಹೇಳುವ ದೃಶ್ಯ ಕಡೆಯ ಭಾಗದ್ದು. ಮಳೆಯಲ್ಲಿ ನೆನೆದ ಮಗಳು ದುರ್ಗಾ ಜ್ವರ ಬಂದು, ಬಿರುಗಾಳಿಯ ಒಂದು ರಾತ್ರಿ ತೀರಿಕೊಂಡಿದ್ದಾಳೆ. ಸಂಪಾದನೆಗೆಂದು ಊರು ಬಿಟ್ಟು ಹೋಗಿದ್ದ ಅಪ್ಪ ಹರಿಹರನಿಗೆ ಇದು ಗೊತ್ತಿಲ್ಲ. ಅವನು ಮರಳಿ ಬರುತ್ತಾನೆ. ಹೆಂಡತಿ ಸರ್ಬಜಯಾ ಮಾತಿಲ್ಲದೆ ನೀರು ತಂದಿಡುತ್ತಾಳೆ. ಅವನು ಗಂಟು ಬಿಚ್ಚಿ ಮನೆಗೆ ತಂದದ್ದನ್ನೆಲ್ಲ ಒಂದೊಂದಾಗಿ ತೋರಿಸುತ್ತಾನೆ. ಮಣೆ ಲಟ್ಟಣಿಗೆ, ಕಟ್ಟು ಹಾಕಿಸಿದ ಲಕ್ಷ್ಮಿಯ ಪಟ, ಆಮೇಲೆ ಮಗಳಿಗೆಂದು ಒಂದು ಸೀರೆ. ಆ ಸೀರೆ ಕೈಗೆ ಬಂದಾಗ ಸರ್ಬಜಯಾ ತಡೆದುಕೊಂಡದ್ದೆಲ್ಲ ಒಡೆಯುತ್ತದೆ. ಅವಳ ಬಾಯಿ ತೆರೆಯುತ್ತದೆ. ನಮಗೆ ಕೇಳುವುದು ಅವಳ ದನಿಯಲ್ಲ, ತಾರ್ ಶಹನಾಯಿ.

ಹೆಸರು ಕೇಳಿ ಇದನ್ನು ಮದುವೆಮನೆಯ ಶಹನಾಯಿ ಅಂತ ತಿಳಿದವರು ಬಹಳ ಜನ, ಬರೆದವರೂ ಇದ್ದಾರೆ. ಇದು ಉಸಿರಿನ ವಾದ್ಯವೇ ಅಲ್ಲ. ಎಸ್ರಾಜಿನಂಥ ಕಮಾನಿನ ವಾದ್ಯಕ್ಕೆ ಹಳೆಯ ಗ್ರಾಮಫೋನಿನ ಹಾಗೆ ಒಂದು ಲೋಹದ ಕೊಂಬು ಕೂಡಿಸಿರುತ್ತಾರೆ. ತಂತಿಯ ಮೇಲೆ ಕಮಾನು ಆಡಿದರೆ ನಾದ ಆ ಕೊಂಬಿನೊಳಗಿಂದ ಮೂಗಿನಲ್ಲಿ ಅತ್ತ ಹಾಗೆ ಹೊರಗೆ ಬರುತ್ತದೆ. ಆ ದೃಶ್ಯಕ್ಕೆ ಅದನ್ನು ನುಡಿಸಿದವರು ದಕ್ಷಿಣಾಮೋಹನ ಠಾಕೂರ್. ರಾಗ ಪಟದೀಪ್. ಸಂಯೋಜನೆ ರವಿಶಂಕರ್ ಅವರದು.

ಇತಿಹಾಸ ಇಷ್ಟು. ರವಿಶಂಕರ್ ಚಿತ್ರದ ಅರ್ಧದಷ್ಟನ್ನು ಮಾತ್ರ, ಅದೂ ಸರಿಯಾಗಿ ಜೋಡಿಸದ ಪ್ರತಿಯಲ್ಲಿ ನೋಡಿದ್ದರು. ಕಥೆ ಮೊದಲೇ ಗೊತ್ತಿತ್ತು. ರಾಯ್ ಅವರನ್ನು ಭೇಟಿಯಾದಾಗಲೇ ಒಂದು ಧಾಟಿ ಗುನುಗಿದರು. ಅದೇ ಮುಂದೆ ಬಿದಿರು ಕೊಳಲಿನಲ್ಲಿ ಚಿತ್ರದ ತುಂಬ ಓಡಾಡಿತು. ಹೆಚ್ಚುಕಡಿಮೆ ಇಡೀ ಸಂಗೀತ ಒಂದೇ ರಾತ್ರಿ, ಸುಮಾರು 11 ಗಂಟೆಗಳ ಕಾಲ ಕೂತು ಮುಗಿಯಿತು. ಸಿತಾರಿನಲ್ಲಿ ದೇಶ್ ರಾಗ ಬಂತು, ತೋಡಿ ಬಂತು. ಕೆಲವು ಕಡೆ ಸಿತಾರು ನುಡಿಸಿದವರು ಛಾಯಾಗ್ರಾಹಕ ಸುಬ್ರತ ಮಿತ್ರ. ಮುಂದೆ ‘ತೀನ್ ಕನ್ಯಾ’ದಿಂದ, ಅಂದರೆ 1961ರಿಂದ, ರಾಯ್ ತಮ್ಮ ಚಿತ್ರಗಳಿಗೆ ತಾವೇ ಸಂಗೀತ ಕೊಡಲು ಶುರು ಮಾಡಿದರು.

ಈಗ ನನ್ನ ಗುರುಗಳ ಮಾತು. ಅವರ ಹೆಸರು ಹೇಳುವುದಿಲ್ಲ, ಹೆಸರು ಹೇಳಿಸಿಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ. ನವಲಗುಂದದ ಕಡೆಯವರು. ವಯಸ್ಸಿನಲ್ಲಿ ಮದರಾಸಿಗೆ ಹೋಗಿ ಸ್ಟುಡಿಯೋಗಳಲ್ಲಿ ಪಿಟೀಲು ನುಡಿಸಿ, ಆಮೇಲೆ ಧಾರವಾಡಕ್ಕೆ ಬಂದು ಪಾಠ ಹೇಳಿಕೊಂಡು ಉಳಿದರು. ರೀರೆಕಾರ್ಡಿಂಗ್ ಹೇಗೆ ನಡೆಯುತ್ತಿತ್ತು ಅಂತ ಅವರ ಬಾಯಿಂದಲೇ ಕೇಳಬೇಕಿತ್ತು. ಎದುರಿಗೆ ಪರದೆ. ಮಾತು ಸೇರಿದ ರೀಲು ಓಡುತ್ತದೆ. ಸಂಗೀತ ನಿರ್ದೇಶಕರು ನೋಡುತ್ತಾ ಸ್ವರ ಹೇಳುತ್ತಾರೆ, ಸಹಾಯಕರು ಬರೆದುಕೊಂಡು ಹಂಚುತ್ತಾರೆ, ಮತ್ತೆ ರೀಲು ಓಡುತ್ತದೆ. ಕೈ ಮೇಲೆದ್ದ ಕೂಡಲೇ ಕಮಾನು ತಂತಿಗೆ ತಾಗಬೇಕು. ಅಳುವ ಕಡೆಗೆಲ್ಲ ಒಂಟಿ ಪಿಟೀಲು. ತಾಯಿ ಅತ್ತರೂ, ಸೊಸೆ ಅತ್ತರೂ, ಮನೆ ಪಾಲಾದರೂ ನಮ್ಮ ಮಾಸ್ತರರ ಪಿಟೀಲು. ಎಷ್ಟು ತಾಯಂದಿರ ಪರವಾಗಿ ಅತ್ತಿದ್ದರೋ.

ಧಾರವಾಡದಲ್ಲಿ ಒಮ್ಮೆ ‘ಪಥೇರ್ ಪಾಂಚಾಲಿ’ ತೋರಿಸಿದಾಗ ಅವರನ್ನು ಕರೆದುಕೊಂಡು ಹೋಗಿದ್ದೆ. ಹೊರಗೆ ಬಂದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಮನೆ ಮುಟ್ಟುವಾಗ ಹೇಳಿದರು: “ಎಲ್ಲಾ ಛಲೋ ಅದ ತಮ್ಮಾ. ಆದ್ರ ಅಕೀ ದನಿ ಯಾಕ ಕಸಗೊಂಡ್ರು?”

ನಾನು ಹುಮ್ಮಸ್ಸಿನಲ್ಲಿದ್ದೆ. ಅಳು ಕೇಳಿಸಿದ್ದರೆ ಅದು ಒಬ್ಬಳ ಅಳು ಆಗುತ್ತಿತ್ತು, ವಾದ್ಯ ಬಂದದ್ದರಿಂದ ಎಲ್ಲ ತಾಯಂದಿರದೂ ಆಯಿತು ಅಂದೆ. ಅವರು ಒಪ್ಪಲಿಲ್ಲ. ಅವರ ಮಾತು ಹೀಗಿತ್ತು: “ನಮ್ಮ ಕಡೆ ಹೆಣಮಕ್ಕಳು ಸತ್ತವರ ಮುಂದ ಕೂತು ಹಾಡ್ಯಾಡಿ ಅಳತಾರ. ಅದು ಬರೇ ಅಳು ಅಲ್ಲ. ಅದರಾಗ ಕೂಸಿನ ಹೆಸರು ಅದ, ಅದು ಉಂಡದ್ದು, ಉಟ್ಟದ್ದು ಎಲ್ಲಾ ಅದ. ತಾಯಿ ಅಳೂದನ ಒಂದು ಹಾಡು. ಅದರ ಮ್ಯಾಲ ಮತ್ತೊಂದು ಹಾಡು ಯಾಕ?”

ನೀವು ಬಯಲುಸೀಮೆಯ ಹಳ್ಳಿಯಲ್ಲಿ ಸಾವಿನ ಮನೆ ನೋಡಿದ್ದರೆ ಈ ಮಾತಿನ ತೂಕ ತಿಳಿಯುತ್ತದೆ. ಅಳುವವಳು ಒಂದು ಸ್ವರ ಹಿಡಿದಿರುತ್ತಾಳೆ, ಮೇಲಿನಿಂದ ಇಳಿದು ಇಳಿದು ಬಂದು ಉಸಿರು ಮುಗಿಯುವಲ್ಲಿ ನಿಲ್ಲಿಸುತ್ತಾಳೆ, ಪಕ್ಕದವಳು ಅಲ್ಲಿಂದ ಎತ್ತಿಕೊಳ್ಳುತ್ತಾಳೆ. ಕಂಪನಿ ನಾಟಕಗಳಲ್ಲಿಯೂ ಶೋಕದ ಹಾಡನ್ನು ಪಾತ್ರವೇ ಹಾಡಬೇಕಿತ್ತು, ಹಾರ್ಮೋನಿಯಂ ಹಿಂದೆ ನಿಂತು ಕೈ ಹಿಡಿಯುತ್ತಿತ್ತು ಅಷ್ಟೆ. ದನಿಯನ್ನು ಪಾತ್ರದಿಂದ ಬಿಡಿಸಿ ವಾದ್ಯಕ್ಕೆ ಕೊಟ್ಟದ್ದು ಸಿನಿಮಾ.

ಅವತ್ತಿನಿಂದ ನಾನು ಆ ದೃಶ್ಯವನ್ನು ಕಿವಿಯಿಂದ ನೋಡಲು ಶುರು ಮಾಡಿದೆ. ನನಗೆ ಸಿಕ್ಕಿದ್ದನ್ನು ಹೇಳುತ್ತೇನೆ, ಯಾಕೆಂದರೆ ಇದು ನನ್ನ ಪ್ರೀತಿಯ ಶೋಧ.

ಪಟದೀಪ್ ನಿಮಗೆ ಗೊತ್ತಿರುವ ರಾಗ. ಕರ್ನಾಟಕ ಪದ್ಧತಿಯವರಿಗೆ 23ನೆಯ ಮೇಳ ಗೌರಿಮನೋಹರಿಯ ಸ್ವರಗಳೇ ಅಂದರೆ ಸಾಕು: ಗಾಂಧಾರ ಕೋಮಲ, ನಿಷಾದ ಶುದ್ಧ. ಆದರೆ ನಡೆ ಬೇರೆ. ಆರೋಹದಲ್ಲಿ ರಿಷಭವೂ ಇಲ್ಲ, ಧೈವತವೂ ಇಲ್ಲ. ಪಂಚಮದಿಂದ ಮೇಲೆ ಹೋಗಬೇಕಾದರೆ ನಡುವೆ ಮೆಟ್ಟಿಲಿಲ್ಲ, ನೇರ ನಿಷಾದಕ್ಕೆ ನೆಗೆಯಬೇಕು. ಆ ಶುದ್ಧ ನಿಷಾದವೋ, ಷಡ್ಜಕ್ಕೆ ತೀರ ಹತ್ತಿರ ನಿಂತು, ಅದನ್ನು ಮುಟ್ಟುವ ತನಕ ಸಮಾಧಾನ ಕೊಡುವುದಿಲ್ಲ. ಇಳಿಯುವಾಗ ಮಾತ್ರ ಬಿಟ್ಟ ಸ್ವರಗಳೆಲ್ಲ ಮರಳುತ್ತವೆ, ಧೈವತ ಬರುತ್ತದೆ, ರಿಷಭ ಬರುತ್ತದೆ. ಬಿಕ್ಕಿ ಅಳುವವರ ಉಸಿರನ್ನು ಗಮನಿಸಿ. ಒಳಗೆ ಎಳೆದುಕೊಳ್ಳುವ ಉಸಿರು ತುಂಡು ತುಂಡಾಗಿ ನೆಗೆಯುತ್ತದೆ, ಮೇಲೆ ಹೋಗಿ ಸಿಕ್ಕಿಕೊಳ್ಳುತ್ತದೆ, ಹೊರಗೆ ಬಿಡುವಾಗ ಉದ್ದಕ್ಕೆ ಇಳಿಯುತ್ತದೆ. ಪಟದೀಪದ ವ್ಯಾಕರಣದಲ್ಲಿಯೇ ಆ ಉಸಿರು ಇದೆ. ಸಂಜೆಗೆ ಮುಂಚಿನ ರಾಗ, ಕರುಣ ರಸದ ರಾಗ ಅಂತ ಅದನ್ನು ಆರಿಸಿದರು ಅಂದರೆ ನನಗೆ ಸಾಲದು. ಏರಿಕೆಯಲ್ಲಿ ಕಾಣೆಯಾದ ಆ ಎರಡು ಸ್ವರಗಳಿಗಾಗಿ ಅದನ್ನು ಆರಿಸಿದರು ಅಂತ ನಾನು ವಾದಿಸುತ್ತೇನೆ. ಭೀಮ್‌ಪಲಾಸಿಯ ಏರಿಕೆಯಲ್ಲಿಯೂ ಅದೇ ಎರಡು ಸ್ವರ ಇಲ್ಲವಲ್ಲ ಅಂತ ನೀವು ಕೇಳಬಹುದು. ಹೌದು. ಆದರೆ ಅಲ್ಲಿ ನಿಷಾದ ಕೋಮಲ. ಮೆತ್ತಗೆ ಒರಗಿಕೊಳ್ಳುತ್ತದೆ, ಚುಚ್ಚುವುದಿಲ್ಲ.

ಎರಡನೆಯದು. ಆ ದೃಶ್ಯದಲ್ಲಿ ಕೊಳಲು ಬರುವುದಿಲ್ಲ. ಚಿತ್ರದ ತುಂಬ ಮಕ್ಕಳ ಜೊತೆಗೆ ನಡೆದುಬಂದ ಧಾಟಿ ಅದು. ಮಗಳ ಸೀರೆ ಎದುರಿಗಿರುವಾಗ ಅದನ್ನು ಒಮ್ಮೆ ನಿಧಾನವಾಗಿ ನುಡಿಸಿದ್ದರೆ ನೋಡುವವರೆಲ್ಲ ಅತ್ತುಬಿಡುತ್ತಿದ್ದರು. ನಮ್ಮ ಸಾಂಸಾರಿಕ ಚಿತ್ರಗಳ ದಾರಿ ಅದೇ. ‘ಕಸ್ತೂರಿ ನಿವಾಸ’ (1971) ನೆನಪಿಸಿಕೊಳ್ಳಿ. ಸುಖದ ದಿನಗಳಲ್ಲಿ ಪಿ.ಬಿ. ಶ್ರೀನಿವಾಸ್ ದನಿಯಲ್ಲಿ ಕೇಳಿದ ಆ ಗೊಂಬೆಯ ಹಾಡು ಎಲ್ಲ ಕಳೆದುಹೋದ ಮೇಲೆ ಮತ್ತೆ ಬರುತ್ತದೆ. ಜಿ.ಕೆ. ವೆಂಕಟೇಶ್ ಅವರಿಗೆ ಕನ್ನಡ ಮನೆಯ ದುಃಖ ಗೊತ್ತಿತ್ತು: ನಮ್ಮಲ್ಲಿ ದುಃಖ ಅಂದರೆ ಒಳ್ಳೆಯ ದಿನಗಳ ನೆನಪು. ಅವರ ಕೈಕೆಳಗೆ ಸಹಾಯಕರಾಗಿ ಕೆಲಸ ಮಾಡಿದ ಇಳಯರಾಜ ಕೂಡ ಮುಂದೆ ಈ ದಾರಿಯಲ್ಲಿ ಬಹಳ ದೂರ ಹೋದರು. ಇದು ಕಡಿಮೆಯ ದಾರಿ ಅಂತ ನಾನು ಎಂದೂ ಹೇಳಲಾರೆ. ಆ ಹಾಡು ಮರಳಿ ಬಂದಾಗ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ. ಆದರೆ ನೆನೆಯಲಿಕ್ಕೆ ವೇಳೆ ಬೇಕು. ಹರಿಹರನಿಗೆ ಆ ಕ್ಷಣದಲ್ಲಿ ವೇಳೆ ಇಲ್ಲ. ಮಗಳು ಇದ್ದಾಳೆ ಅಂತಲೇ ಅವನು ಸೀರೆ ಬಿಚ್ಚಿದ್ದು. ಕೊಳಲನ್ನು ತಡೆಹಿಡಿದದ್ದು ಸಂಗೀತ ಕೂಡಿಸಿದ ಆ ರಾತ್ರಿಯ ದೊಡ್ಡ ತೀರ್ಮಾನ ಅಂತ ನನ್ನ ಭಾವನೆ.

ಇದನ್ನೆಲ್ಲ ಮಾಸ್ತರರ ಮುಂದೆ ಇಟ್ಟಿದ್ದೆ. ಪಟದೀಪದ ಮಾತು ಅವರಿಗೆ ಹಿಡಿಸಿತು. ಪಿಟೀಲು ತೆಗೆದು ಪಂಚಮ–ನಿಷಾದ ನುಡಿಸಿ ತಲೆದೂಗಿದರು. ಆಮೇಲೆ ಕೇಳಿದರು: “ಹಂಗಾದ್ರ ಆ ದೃಶ್ಯ ಕಟ್ಟಿದವರು ಯಾರು?” ನಾನು ರವಿಶಂಕರ್ ಅಂದೆ. ತಾಯಿಯ ದನಿಯ ಜಾಗವನ್ನು ತಾರ್ ಶಹನಾಯಿಗೆ ಬಿಟ್ಟುಕೊಟ್ಟವರು ನಿರ್ದೇಶಕರಲ್ಲವೇ ಅಂದರು. ಸರಿ, ರಾಯ್ ಅಂದೆ. “ನುಡಿಸಿದಾಂವ?” ಅಂದರು.

ಆ ಪ್ರಶ್ನೆಯಲ್ಲಿ ಅವರ ಇಡೀ ಬದುಕು ಇತ್ತು. ದಕ್ಷಿಣಾಮೋಹನ ಠಾಕೂರರ ಹೆಸರು ಉಳಿದುಬಂದಿದೆ, ನಿಜ. ಮದರಾಸಿನ ಸ್ಟುಡಿಯೋಗಳಲ್ಲಿ ನಮ್ಮ ಕನ್ನಡ ತಾಯಂದಿರ ಪರವಾಗಿ ಪಿಟೀಲು, ಕೊಳಲು, ಶಹನಾಯಿ ನುಡಿಸಿದವರಲ್ಲಿ ಎಷ್ಟು ಹೆಸರು ನಮಗೆ ಗೊತ್ತು? ‘ಗೆಜ್ಜೆ ಪೂಜೆ’ ಚಿತ್ರದ ಹಾಡುಗಳನ್ನು ಹಾಡಿದವರ ಹೆಸರು ಕೇಳಿ, ಸಭೆ ಒಟ್ಟಿಗೆ ಹೇಳುತ್ತದೆ. ಹಿನ್ನೆಲೆಯಲ್ಲಿ ಕಮಾನು ಹಿಡಿದವರ ಹೆಸರು ಕೇಳಿದರೆ ಉತ್ತರವಿಲ್ಲ. ಸಂಗೀತ ಸಂಯೋಜನೆಯ ಬಗ್ಗೆ ಮಾತಾಡುವಾಗ ನಾವು ಹಾಡಿನ ಬಗ್ಗೆಯೇ ಮಾತಾಡುತ್ತೇವೆ, ಉಳಿದದ್ದು ಲೆಕ್ಕಕ್ಕೆ ಬರುವುದಿಲ್ಲ. ಇದು ಅನ್ಯಾಯ, ಇದನ್ನು ಇಂಥ ಸಭೆಗಳಲ್ಲಿ ಹೇಳಲೇಬೇಕು.

ನಮ್ಮವರಲ್ಲಿ ಬೇರೆ ದಾರಿ ಹುಡುಕಿದವರು ಬಿ.ವಿ. ಕಾರಂತರು. ಎಲ್ಲಿ ಬೇಕಾದರೂ ನಾದ ಇದೆ ಅಂತ ನಂಬಿದವರು, ರಂಗದ ಮೇಲೆ ಕೈಗೆ ಸಿಕ್ಕ ವಸ್ತುವಿನಿಂದ, ನಟರ ಕೊರಳಿನಿಂದ ಸಂಗೀತ ತೆಗೆದವರು. ‘ಋಷ್ಯಶೃಂಗ’, ‘ಘಟಶ್ರಾದ್ಧ’ ಎರಡೂ ಚಿತ್ರಗಳ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಮಾಸ್ತರರಿಗೆ ಕಾರಂತರೆಂದರೆ ಬಹಳ ಗೌರವ. ಆ ಸೀರೆಯ ದೃಶ್ಯ ಕಾರಂತರ ಕೈಗೆ ಸಿಕ್ಕಿದ್ದರೆ ತಾಯಿಯನ್ನು ಅವಳ ದನಿಯಲ್ಲಿಯೇ ಅಳಿಸುತ್ತಿದ್ದರು ಅಂತ ಖಂಡಿತವಾಗಿ ಹೇಳುತ್ತಿದ್ದರು. ನನಗೆ ಅಷ್ಟು ಖಂಡಿತವಿಲ್ಲ.

ಸಮಯವಾಯಿತು. ನನಗೆ ಉಳಿದಿರುವ ಪ್ರಶ್ನೆಗಳನ್ನು ನಿಮ್ಮ ಮುಂದಿಟ್ಟು ಕೂರುತ್ತೇನೆ.

ನವಲಗುಂದದ ಒಬ್ಬ ತಾಯಿಯ ಕಥೆಯನ್ನು ಯಾರಾದರೂ ಚಿತ್ರ ಮಾಡಿ, ಅವಳು ಹಾಡ್ಯಾಡಿ ಅಳುವ ಹೊತ್ತಿನಲ್ಲಿ ದನಿ ತೆಗೆದು ವಾದ್ಯ ಹಾಕಿದರೆ ನಾನು ಒಪ್ಪುತ್ತೇನೆಯೇ? ಒಪ್ಪುವುದಿಲ್ಲ. ಅವಳು ಏನು ಹೇಳಿ ಅಳುತ್ತಾಳೆ ಅಂತ ನನಗೆ ಕೇಳಬೇಕು. ಹಾಗಿದ್ದರೆ ಸರ್ಬಜಯಾಳ ಮಟ್ಟಿಗೆ ಯಾಕೆ ಒಪ್ಪಿದೆ? ನನಗೆ ಬಂಗಾಳಿ ಬಾರದು ಅನ್ನುವ ಕಾರಣಕ್ಕೋ? ‘ಪಥೇರ್ ಪಾಂಚಾಲಿ’ ಮೊದಲು ತೆರೆ ಕಂಡದ್ದು ನ್ಯೂಯಾರ್ಕಿನಲ್ಲಿ, 1955ರ ಮೇ ತಿಂಗಳಲ್ಲಿ. ಕಲಕತ್ತೆಯವರು ನೋಡಿದ್ದು ಆಗಸ್ಟಿನಲ್ಲಿ. ದೂರದವರಿಗೂ ನನ್ನಂಥವರಿಗೂ ಆ ವಾದ್ಯ ಬೇಕಿತ್ತು, ಅದು ಬಂದದ್ದರಿಂದಲೇ ನಾವು ಆ ಮನೆಯೊಳಗೆ ಹೋದೆವು, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಕಥೆಯ ಊರಾದ ನಿಶ್ಚಿಂದಿಪುರದ ನೆರೆಮನೆಯವಳೊಬ್ಬಳು ಕೂತು ನೋಡಿದ್ದರೆ ಅವಳಿಗೂ ಆ ವಾದ್ಯ ಬೇಕಿತ್ತೇ? ಪಟದೀಪದ ಆ ನಿಷಾದ ಆ ತಾಯಿಗೆ ಸಂದ ಗೌರವವೋ, ಅಥವಾ ಅವಳ ಭಾಷೆ ತಿಳಿಯದ ನಮಗೆ ಮಾಡಿಕೊಟ್ಟ ಅನುಕೂಲವೋ? ಬಂಗಾಳಿ ಬಲ್ಲವರು ಈ ಸಭೆಯಲ್ಲಿದ್ದರೆ ಮೊದಲು ಅವರು ಮಾತಾಡಬೇಕು ಅಂತ ಕೇಳಿಕೊಳ್ಳುತ್ತೇನೆ.